ಕಂಬಳಿಯ ಮೇಲಿಟ್ಟ ಮೊನೆ

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ಕುಳಿತಿದ್ದ ಆ ಮನುಷ್ಯ ಬರಿಗಾಳಿಯಲ್ಲಿ ಏನನ್ನೋ ಬಿಚ್ಚುತ್ತಿದ್ದ. ಆಗಿನ್ನೂ ಮಿರಜ ಸಂಸ್ಥಾನವಾಗಿತ್ತು. ಅಲ್ಲಿನ ದವಾಖಾನೆಯಲ್ಲಿದ್ದ ತಮ್ಮನನ್ನು ನೋಡಲು ಸಾಂಗ್ಲಿಯಿಂದ ಬಂದಿದ್ದ ನಾನು ಪಕ್ಕದ ಮಂಚದ ಈ ನೋಟಕ್ಕೆ ಬೆಚ್ಚಿ ಆತನ ಹೆಂಡತಿಯ ಮುಖ ನೋಡಿದೆ.

"ಬೈರಿಗಿ ಮೊನಿ ಬದಲಸಾಕತ್ತಾರ್ರಿ. ಸಿತಾರದ ತಂತಿ ಬಿಗಿಯೂ ಬಿರಡಿಗೆ ತೂತು ಹಾಕೂದು ಇವರ ಕೆಲಸ. ಮೊನಿ ಸೊಟ್ಟ ಕುಂತ್ರ ಬಿರಡಿ ನಿಲ್ಲೂದಿಲ್ಲ" ಎಂದಳು.

ನನ್ನ ಕಡೆ ತಿರುಗಿದ ಆತ, "ಅರ್ಧಾಕ್ಕ ಬಿಟ್ಟ ಬಂದೇನ್ರಿ, ಕಟಗಿ ಕಾಯಾಕತ್ತೈತಿ" ಎಂದ.

ಹಳೆಯ ಮೊನೆಯನ್ನು ಸಡಿಲಿಸಿ, ತುದಿ ಬೆರಳಿಗೆ ತಾಗದಂತೆ ಹೊರಗೆಳೆದ. ಹೆಂಡತಿ ಅಂಗೈ ಚಾಚಿ ಅದನ್ನು ಇಸಿದುಕೊಂಡು ಕಂಬಳಿಯ ಮೂಲೆಯಲ್ಲಿ ಜೋಪಾನವಾಗಿ ಇಟ್ಟಳು. ಆತ ಹೊಸದನ್ನು ಬುಡದವರೆಗೆ ಕೂಡಿಸಿದ, ಬಿಗಿದ, ಮರಕ್ಕೆ ಹಚ್ಚುವ ಮೊದಲು ಬರಿದೇ ತಿರುಗಿಸಿ, ಅಲುಗುತ್ತದೇನೋ ಎಂದು ಕಿವಿಗೊಟ್ಟ. ಸಮಾಧಾನವಾಗಲಿಲ್ಲ. ಮತ್ತೆ ಬಿಚ್ಚತೊಡಗಿದ.

ನಿಂತು ನಿಂತು ಕಾಲು ಸೋತು ನಾನು ಅವರ ಮಂಚದ ಅಂಚಿಗೆ ಕೂರಲು ಹೋದೆ.

"ಅಲ್ಲಿ ಕುಂದ್ರಬ್ಯಾಡ್ರಿ ಅಕ್ಕಾರ, ಮೊನಿ ಐತಿ" ಎಂದಳು ಆಕೆ. ಮುಖದಲ್ಲಿ ನಗುವಿರಲಿಲ್ಲ.

ತಮ್ಮನನ್ನು ಮನೆಗೆ ಕರೆದೊಯ್ಯುವ ದಿನ ಪಕ್ಕದ ಮಂಚ ಖಾಲಿಯಾಗಿತ್ತು. ಆತನಿಗೆ ದೃಷ್ಟಿ ಮರಳಿತೋ ಇಲ್ಲವೋ ಯಾರೂ ಹೇಳಲಿಲ್ಲ. ಗಂಟು ಕಟ್ಟಲು ಅದೇ ಮಂಚದ ಮೇಲೆ ಕುಳಿತೆ, ಕಂಬಳಿಯ ಆ ಮೂಲೆಯನ್ನು ಬಿಟ್ಟು.