ಕೇದಿಗೆ ಮೆಳೆಯಲ್ಲಿ ಕಂಡ ಕಾಲು

ಕೇದಿಗೆಯ ಎಲೆಗೆ ಮೂರು ಸಾಲು ಮುಳ್ಳು — ಎರಡು ಅಂಚುಗಳಿಗೆ ಒಂದೊಂದು, ಇನ್ನೊಂದು ನಡುನರದ ಅಡಿಯಲ್ಲಿ. ಆ ಮೂರನೆಯ ಸಾಲು ಹೊರಗಿನಿಂದ ಕಾಣುವುದಿಲ್ಲ. ಮೆಳೆಯೊಳಗೆ ಕೂತವರಿಗಷ್ಟೇ ಗೊತ್ತು.

ಗೌರಿ, ಆ ದಿನ ನೀನು ಕಂಡದ್ದು ಕಾಲೇ. ನನ್ನ ಕಾಲು.

ಇಷ್ಟು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ನಿನ್ನ ಅತ್ತೆ ತಾಯಮ್ಮನವರ ಹೊಲಗಳೆಲ್ಲ ಜಯನಗರದ ಬಡಾವಣೆಗೆ ಹೋಗಿ, ಉಳಿದದ್ದು ಯಡಿಯೂರಿನ ಆ ತೋಟವೊಂದೇ. ಸುತ್ತ ಹೊಸ ಮನೆಗಳು, ಬಸ್ಸಿನ ಸದ್ದು. ಬೇಲಿಯೊಳಗೆ ಮಾವು, ಬಾವಿ, ಕೇದಿಗೆ ಮೆಳೆ, ಅದರ ಬುಡದಲ್ಲಿ ನಾಗರಕಲ್ಲು. ನಾವು ಅವರ ಬಾಡಿಗೆ ಮನೆಯಲ್ಲಿದ್ದವರು. ಪರೀಕ್ಷೆಗೆ ಓದಲು ನಾನು ದಿನವೂ ತೋಟಕ್ಕೆ ಹೋಗುತ್ತಿದ್ದೆ. “ಓದಿ ಓದಿ ನನ್ ತೋಟದ ನೆಳ್ಳೆಲ್ಲಾ ಖರ್ಚು ಮಾಡ್ಬುಡ್ತೀಯ ಕಣವ್ವ” ಎಂದು ತಾಯಮ್ಮನವರು ನಗುತ್ತಿದ್ದರು. ಅವರದು ಒಂದೇ ಕಟ್ಟಳೆ — ಮುಟ್ಟಾದವರು ನಾಗರಕಲ್ಲಿನ ಹತ್ತಿರ ಸುಳಿಯಬಾರದು.

ನಮ್ಮ ಮನೆಯಲ್ಲಿ ಆ ಪದ್ಧತಿ ಇರಲಿಲ್ಲ. ಆದರೆ ಹಿತ್ತಿಲು ಎರಡೂ ಮನೆಗೆ ಒಂದೇ. ಆ ಬೆಳಿಗ್ಗೆ ತಂತಿಯ ಮೇಲೆ ಒಣಗುತ್ತಿದ್ದ ನನ್ನ ಬಟ್ಟೆ ನೋಡಿ, “ಇವತ್ತು ತೋಟದ ಕಡೆ ಬರ್ಬ್ಯಾಡ ಮಗ” ಎಂದರು. “ಇಲ್ಲಮ್ಮ” ಎಂದೆ. ಮಧ್ಯಾಹ್ನ ನಮ್ಮ ಮನೆ ತುಂಬ ನೆಂಟರು, ಗಲಾಟೆ. ಪುಸ್ತಕ ಹಿಡಿದು ತೋಟಕ್ಕೆ ಹೊರಟೆ — ಯಾರಿಗೆ ಗೊತ್ತಾಗುತ್ತದೆ ಎಂದು.

ಬೇಲಿಯ ಬಾಗಿಲು ಕಿರುಗುಟ್ಟಿತು. ತಾಯಮ್ಮನವರ ದನಿ, ಹಿಂದೆಯೇ ನಿನ್ನ ಬಳೆಗಳ ಸದ್ದು. ನೀನು ಮದುವೆಯಾಗಿ ಬಂದ ಹೊಸತು. ನಿನ್ನ ಜಡೆಗೆ ಕೇದಿಗೆ ಮುಡಿಸಬೇಕೆಂದು ಅವರಿಗೆ ಆಸೆ. ನನಗೆ ಓಡಲು ದಾರಿ ಇರಲಿಲ್ಲ. ಮೆಳೆಯೊಳಗೆ ನುಗ್ಗಿದೆ. ಮುಳ್ಳು ಗೀಚಿದರೂ ಉಸಿರು ಬಿಡಲಿಲ್ಲ. ಸಿಕ್ಕಿಬಿದ್ದರೆ ಮನೆ ಬಿಡಿಸುತ್ತಾರೆ; ಅಪ್ಪನ ತಗ್ಗಿದ ತಲೆ, ಬೀದಿಯಲ್ಲಿಟ್ಟ ನಮ್ಮ ಪಾತ್ರೆ ಪಡಗ — ಎಲ್ಲ ಕಣ್ಣ ಮುಂದೆ ಬಂತು. ಜೊತೆಗೆ — ಹೇಳಲು ಈಗಲೂ ನಾಚಿಕೆ — ಆ ಕಲ್ಲಿನ ಭಯ. ನಾನು ನಂಬದ ಕಲ್ಲು. ಬೆನ್ನ ಹಿಂದೆ ಒಣ ಎಲೆಯೊಂದು ಸರಿದಾಗ, ಹಾವು ಬಂದೇಬಿಟ್ಟಿತು ಎಂದುಕೊಂಡು ಕಾಲು ಎಳೆದುಕೊಂಡೆ.

ಆಗಲೇ ನೀನು ಹೂವಿಗೆ ಕೈ ಚಾಚಿದ್ದು.

ನಿನ್ನ ಕಿರುಚಾಟ ಕೇಳಿ ತಾಯಮ್ಮನವರು ನಿನ್ನನ್ನು ಹಿಂದಕ್ಕೆಳೆದರು. “ಸರಸರ ಅಂತು, ಕೇಳುದ್ಯಾ? ಹೊಸ ಹೆಣ್ಣು ಕೈ ಇಕ್ಕುದ್ ತಕ್ಷಣ ನಾಗಪ್ಪ ಎದ್ದ ಅಂದ್ರೆ... ಏನ್ ದೋಸ ಹೊತ್ಕೊಂಡು ಬಂದಿದ್ಯೇ ನೀನು?”

“ಹಾವಲ್ಲ ಅತ್ತೆ, ಕಾಲು. ಯಾರ್ದೋ ಕಾಲು ಕಂಡ್ತು.”

“ಹಾವಿಗೆ ಕಾಲಾ!”

“ನಾನು, ಅಮ್ಮ” — ಅಷ್ಟು ಅಂದಿದ್ದರೆ ಸಾಕಿತ್ತು. ನೀವು ಹೋದ ಮೇಲೂ ಬಹಳ ಹೊತ್ತು ಅಲ್ಲೇ ಮುದುಡಿ ಕೂತಿದ್ದೆ.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ‘ಹಾವಿಗೆ ಕಾಲು ಕಂಡ ಸೊಸೆ’ — ನಿನಗೆ ಹೆಸರೇ ಇಟ್ಟರು. ಆ ಹೆಸರು ಹೋಗಲಿಲ್ಲ. ನಾಗದೋಷದ ಹೆಣ್ಣಿಗೆ ಮಕ್ಕಳಾಗುವುದಿಲ್ಲ ಎಂದರು, ಪೂಜೆಗಳಾದವು, ವರ್ಷ ತುಂಬುವ ಮೊದಲೇ ನಿನ್ನನ್ನು ಪುಟ್ಟೇನಹಳ್ಳಿಯ ತವರಿಗೆ ಕಳಿಸಿದರು. ಮತ್ತೆ ಕರೆಸಲಿಲ್ಲ. ತೋಟಕ್ಕೆ ಬೀಗ ಬಿತ್ತು. ನಾನು ಪರೀಕ್ಷೆ ಪಾಸು ಮಾಡಿದೆ.

ಈಗಲೂ ಎಲ್ಲಾದರೂ ಒಣ ಎಲೆ ಸದ್ದು ಮಾಡಿದರೆ ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಹಾವಿಗೆ ಹೆದರಿ ಅಲ್ಲ — ಅದರ ಹಿಂದೆಯೇ ನಿನ್ನ ಬಳೆಯ ಸದ್ದು ಬರುತ್ತದೆಂದು. ಪುಟ್ಟೇನಹಳ್ಳಿಗೆ ಬಂದು ನಿನ್ನೆದುರು ನಿಲ್ಲುತ್ತೇನೆ. ಆಮೇಲೆ ನಿನ್ನ ಅತ್ತೆಯ ಎದುರೂ. ಹೋದದ್ದು ಅದರಿಂದ ನಿನಗೆ ಮರಳುವುದಿಲ್ಲ, ಗೊತ್ತು.

ಆ ಮಧ್ಯಾಹ್ನ ಹೆದರಿ ಬಾಯಿ ಕಟ್ಟಿತು ಎನ್ನಬಹುದೇನೋ. ಮರುದಿನ ಬೆಳಿಗ್ಗೆ ನಡೆದದ್ದಕ್ಕೆ ಆ ನೆಪವೂ ಇಲ್ಲ.

ಬೀದಿ ನಲ್ಲಿಯ ಹತ್ತಿರ ಹೆಂಗಸರೆಲ್ಲ ನಿಂತಿದ್ದರು. ತಾಯಮ್ಮನವರು ನಿನ್ನ ಮುಂಗೈ ಹಿಡಿದು ನನ್ನ ಮುಂದೆ ತಂದು ನಿಲ್ಲಿಸಿದರು. “ಇವ್ಳು ಓದ್ದೋಳು, ದಿನಾ ಅಲ್ಲೇ ಕೂತ್ಕಳೋಳು, ಸುಳ್ಳು ಹೇಳಾಕಿಲ್ಲ. ಹೇಳವ್ವ, ಆ ಮೆಳೇಲಿ ಹಾವೈತೋ, ಇಲ್ವೋ?”

ನೀನು ನನ್ನ ಮುಖ ನೋಡಲಿಲ್ಲ. ನನ್ನ ಕಾಲು ನೋಡಿದೆ. ಪಾದದ ಮೇಲೆ ಮುಳ್ಳು ಗೀಚಿದ ಕೆಂಪು ಗೆರೆಗಳು ಇನ್ನೂ ಹಸಿಯಾಗಿದ್ದವು.

ನಾನು ಸೀರೆಯ ಅಂಚನ್ನು ಕೆಳಗೆ ಜಗ್ಗಿದೆ. “ಇದೆ ಅಮ್ಮ, ನೋಡಿದ್ದೀನಿ” ಎಂದೆ. ಬಿಂದಿಗೆ ಕೆಳಗಿಟ್ಟು, ಎರಡೂ ಕೈ ಅಗಲಿಸಿ, ಎಷ್ಟುದ್ದವೆಂದು ತೋರಿಸಿದೆ.