ನೀಲಿ ಗಾಜಿನ ಚೂರು

ಇದನ್ನು ಬರೆಯಲು ಎಷ್ಟೋ ವರ್ಷಗಳಿಂದ ಕೂತಿದ್ದೇನೆ, ಬರೆಯದೆ ಎದ್ದಿದ್ದೇನೆ. ಈಗ ಮೊಣಕಾಲು ಬೇಗ ಏಳಲು ಬಿಡುವುದಿಲ್ಲ.

ಡೊಂಬಿವಲಿಯ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ನಾನು ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಸಾವಿತ್ರಿ ಬೀಳಗಿಯವರು ಲ್ಯಾಬಿನ ಕೆಮಿಸ್ಟ್, ಗದಗಿನ ಕಡೆಯವರು. ಅವರನ್ನು ಬಾಯಾರು ಎನ್ನುತ್ತಿದ್ದೆವು. ಕಾಲೇಜಿನಿಂದ ತಂದ ಒಂದು ನೀಲಿ ಗಾಜಿನ ಚೂರನ್ನು ಬರ್ನರಿನ ಪಕ್ಕದ ಮೊಳೆಗೆ ದಾರದಲ್ಲಿ ತೂಗುಹಾಕಿದ್ದರು. ಜೇಬಿನಲ್ಲಿ ಸದಾ ಶೇಂಗಾ.

ಉಡುಪಿ ಕಡೆಯ, ಹತ್ತನೇ ಪಾಸಾದ ನನಗೆ ಊಟದ ಬಿಡುವಿನಲ್ಲಿ ಮೂಲವಸ್ತುಗಳನ್ನು ಕಲಿಸಿದರು. ಪುಸ್ತಕವಿರಲಿಲ್ಲ, ಹೋಲಿಕೆಗೆ ಲೋಕಲ್ ರೈಲು ಇತ್ತು.

"ಶೆಟ್ಟರ, ಪರಮಾಣು ಅಂದ್ರ ಲೋಕಲ್ ಡಬ್ಬಿ. ಒಳಗ ಕುಂತವ್ರನ್ನ ಬಿಡ್ರಿ. ಬಾಗಲದಾಗ ಜೋತಾಡೋ ಎಲೆಕ್ಟ್ರಾನ್ ಎಷ್ಟದಾವ ನೋಡ್ರಿ, ಸ್ವಭಾವ ತಾನ ತಿಳೀತದ. ಒಂದ ಇದ್ರ, ಯಾವಾಗ ಜಿಗೀಲಿ ಅಂತಿರ್ತದ. ಏಳಿದ್ರ ಇನ್ನೊಂದನ್ನ ಕೈ ಹಿಡದು ಎಳಕೋತಾವ. ಎಂಟು ತುಂಬಿದ್ರ ಮುಗೀತು, ಯಾರ ಕೂಡೂ ಮಾತಿಲ್ಲ."

"ಫಸ್ಟ್ ಕ್ಲಾಸಿನವರ ಹಾಗೆ ಅಲ್ವಾ ಬಾಯಾರೇ?" ಎಂದೆ. ಶೇಂಗಾ ನೆತ್ತಿಗೇರುವಷ್ಟು ನಕ್ಕರು.

ಆಮೇಲೆ ಒಗಟು. "ಚಾಕುನಿಂದ ಕೊಯ್ಯಬಹುದು, ನೀರು ಕಂಡ್ರ ಸಿಡೀತದ, ಬಾಗಲದಾಗ ಒಂದ. ಯಾರು?"

"ಸೋಡಿಯಂ."

"ಪೊಟ್ಯಾಸಿಯಂ ಯಾಕಾಗಬಾರ್ದು? ಇಬ್ರೂ ಅಕ್ಕತಂಗೇರು. ಇಬ್ರ ಉಪ್ಪೂ ಬಿಳೀನ. ಉರಿಗೆ ಹಿಡದ್ರ ಸೋಡಿಯಂ ಹಳದಿ, ಪೊಟ್ಯಾಸಿಯಂ ತೆಳು ನೇರಳೆ. ಆದ್ರ ನಿಮ್ಮ ಬೆರಳಿನ ಬೆವರೂ ಹಳದಿ ಉರದು ನೇರಳೆ ಮುಚ್ಚತದ. ಮೊಳಿಗೆ ತೂಗಿದ ಈ ನೀಲಿ ಕಾಜು ಆ ಹಳದೀನ ನುಂಗತದ. ಅದ್ರಾಗ ನೋಡಲಾರದ ಯಾರ ಹೆಸರೂ ಹೇಳಬ್ಯಾಡ್ರಿ."

ಒಂದು ಮಳೆಗಾಲ ಸ್ಟೋರಿಗೆ ನೀರು ನುಗ್ಗಿ ಒಂದು ಡ್ರಮ್ಮಿನ ಚೀಟಿ ಹೋಯಿತು. ಬಾಯಾರಿಗೆ ಅಂದು ಕೈತುಂಬ ಕೆಲಸ. ನಾನೇ ತಂತಿಗೆ ಚಿಟಿಕೆ ಪುಡಿ ಹತ್ತಿಸಿ ಉರಿಗೆ ಹಿಡಿದೆ. ಹಳದಿ. ಸೋಡಿಯಂ ಉಪ್ಪು ಎಂದು ಚೀಟಿ ಬರೆದು, ಹೆಮ್ಮೆಯಿಂದ ಸಹಿಗೆ ಒಯ್ದೆ.

"ಕಾಜಿನಾಗ ನೋಡಿದ್ರಿ?"

"ನೋಡಿದೆ ಬಾಯಾರೇ."

ನೋಡಿರಲಿಲ್ಲ. ಅವರು ನಂಬಿ ಸಹಿ ಹಾಕಿದರು. ಡ್ರಮ್ಮಿನಲ್ಲಿದ್ದದ್ದು ಪೊಟ್ಯಾಸಿಯಂ ಉಪ್ಪು, ಇಡೀ ಬ್ಯಾಚ್ ಕೆಟ್ಟಿತು.

ಮ್ಯಾನೇಜರ್ ನಮ್ಮಿಬ್ಬರನ್ನೂ ಕರೆದರು. ನಾನೇ ಮೊದಲು ಬಾಯಿಬಿಟ್ಟೆ. "ಸಾಬ್, ಮೈ ತೋ ದಸ್ವೀ ಪಾಸ್. ಸಹಿ ಮೇಡಂ ಕೀ ಹೈ." ಅವರು ಕಲಿಸಿದ್ದನ್ನೆಲ್ಲ ಹತ್ತನೇ ಕ್ಲಾಸಿನ ಹಿಂದೆ ಬಚ್ಚಿಟ್ಟೆ. ಬಾಯಾರು ನನ್ನ ಕಡೆ ನೋಡಿದರು. "ಹೌದು, ಸಹಿ ನಂದ" ಎಂದರು, ಅಷ್ಟೇ. ಅದೇ ವಾರ ಅವರ ಕೆಲಸ ಹೋಯಿತು.

ಹೋಗುವ ದಿನ ಸ್ಟೋರಿಗೆ ಬಂದು ಗಾಜಿನ ಚೂರನ್ನು ನನ್ನ ಮೇಜಿನ ಮೇಲಿಟ್ಟರು. "ಇಟ್ಕೋರಿ ಶೆಟ್ಟರ. ಮುಂದ ಬೇಕಾಗ್ತದ." ದನಿಯಲ್ಲಿ ಕುಟುಕು ಇದ್ದಿದ್ದರೆ ಇಷ್ಟು ವರ್ಷ ಇಷ್ಟು ದಣಿಯುತ್ತಿರಲಿಲ್ಲವೇನೋ.

ಮೊನ್ನೆ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಎದುರಿಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿದೆ. ಕಂಬಿ ಹಿಡಿದು, ನಿಂತು ನಿಂತು ನಡೆಯುತ್ತಿದ್ದರು. ನಾನು ರೈಲಿನ ವೇಳೆ ನೋಡುವವನಂತೆ ಫಲಕದ ಕಡೆ ತಿರುಗಿದೆ. ಅವರು ನನ್ನ ಬೆನ್ನ ಹಿಂದೆಯೇ ದಾಟಿಹೋದರು.

ಆ ಡ್ರಮ್ಮಿಗೆ ತಪ್ಪು ಹೆಸರು ಬರೆದವನು ನಾನು. ಸಾವಿತ್ರಿ ಬೀಳಗಿ ಅಲ್ಲ.