ವರದಮ್ಮ ಬಾಯಿಬಿಡದ ಜ್ವರ

ಶಿಕಾರಿಪುರದ ಆ ಓಣಿಯಲ್ಲಿ ವರದಮ್ಮ ರೊಟ್ಟಿ ಬಡಿಯುವ ಸದ್ದಿಗೇ ಜನ ಏಳುತ್ತಿದ್ದರು. ದಿನಕ್ಕೆ ಇನ್ನೂರು ಜೋಳದ ರೊಟ್ಟಿ, ಎಲ್ಲವೂ ಕೈಬಡಿತದವು. ಮಷಿನ್ ತರೋಣವೆಂದ ಗಂಡ ಕಲ್ಲಪ್ಪನಿಗೆ, "ತರ‍್ರಿ, ಅದರ ರೊಟ್ಟಿ ನೀವೇ ತಿನ್ರಿ" ಎಂದಿದ್ದಳು.

ಅಂಥವಳ ಬೆರಳ ಗಿಣ್ಣುಗಳು ದಸರೆಯ ಹೊತ್ತಿಗೆ ಊದಿಕೊಂಡವು. ಹಿಟ್ಟು ನಾದಲೂ ಆಗದು. ಡಾಕ್ಟರ್ ತ್ರಿವೇಣಿ ರಕ್ತ ಪರೀಕ್ಷೆ ಮಾಡಿಸಿದರು.

"ರಕ್ತದಲ್ಲಿ ಸಂಧಿವಾತದ ಗುರುತು ಕಾಣ್ತಿದೆ ಅಮ್ಮ. ಜ್ವರಗಿರ ಬಂದಿತ್ತಾ?"

"ಇಲ್ರೀ."

"ಸಂಧಿವಾತವೇ ಆದ್ರೆ ರೊಟ್ಟಿ ಬಡಿಯೋದು ಬಿಡಬೇಕಾಗ್ತದೆ. ಮುಂದಿನ ವಾರ ಬನ್ನಿ, ದೊಡ್ಡಾಸ್ಪತ್ರೆಗೆ ಚೀಟಿ ಕೊಡ್ತೀನಿ."

ವರದಮ್ಮ ಊದಿದ ಬೆರಳುಗಳನ್ನು ಸೆರಗಿನಡಿ ಎಳೆದುಕೊಂಡಳು. ರೊಟ್ಟಿ ಬಿಟ್ಟರೆ ತಾನು ಯಾರು?

ಆದರೆ ಜ್ವರ ಬಂದಿಲ್ಲವೆಂದು ಅವಳು ಹೇಳಿದ್ದು ಶುದ್ಧ ಸುಳ್ಳು. ಮಗಳು ಗಂಗಾಶ್ರೀಯ ಬಾಣಂತನಕ್ಕೆ ಮಂಗಳೂರಿಗೆ ಹೋಗಿ ಬಂದಾಗಿನಿಂದ ಆಗಾಗ ಜ್ವರ ಬರುತ್ತಿತ್ತು. ಬಾಣಂತಿ ಮನೆಯಲ್ಲಿ ಹಿಡಿದ ಜ್ವರದ ಹೆಸರೆತ್ತಿದರೆ ಅದು ಕೂಸಿಗೆ ಹೋಗುತ್ತದೆಂದು ವರದಮ್ಮನ ಅತ್ತೆ ಹೇಳುತ್ತಿದ್ದರು. ಕೂಸಿಗೆ ಅನ್ನ ಮುಟ್ಟಿಸುವವರೆಗೆ ತುಟಿ ಬಿಚ್ಚುವುದಿಲ್ಲವೆಂದು ಪುಣ್ಯಾತ್ಗಿತ್ತಿ ನಿರ್ಧರಿಸಿಬಿಟ್ಟಿದ್ದಳು!

ಜ್ವರಕ್ಕೆ ಆ ಶಾಸ್ತ್ರ ಗೊತ್ತಿರಲಿಲ್ಲ. ಮುಂದಿನ ವಾರ ಡಾಕ್ಟರ ಎದುರಿನ ಬೆಂಚಿನ ಮೇಲೆಯೇ ವರದಮ್ಮ ಗಡಗಡ ನಡುಗತೊಡಗಿದಳು. ಹಲ್ಲು ಕಟಕಟ ಎಂದವು.

"ಇದೇನಮ್ಮ?"

"ದಿನ ಬಿಟ್ಟು ದಿನ ಬರ‍್ತದ್ರೀ. ಹೆಸರು ಮಾತ್ರ ನಾ ಹೇಳಂಗಿಲ್ಲ!"

ಹೆಸರನ್ನು ರಕ್ತವೇ ಹೇಳಿತು. ಮಲೇರಿಯಾ.

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಕಳ್ಳ ನುಗ್ಗಿದಾಗ ನಾಯಿ ಗಾಬರಿಯಲ್ಲಿ ಮನೆಯವರ ಮೇಲೂ ಬೊಗಳ್ತದಲ್ಲ, ಹಾಗೆ. ಮಲೇರಿಯಾ ಹುಳದ ಮೇಲೆ ಯುದ್ಧಕ್ಕೆ ಹೊರಟ ಮೈ, ಕೆಲವು ಸಲ ತನ್ನ ಮೇಲೇ ತಿರುಗೋ ಪ್ರತಿಕಾಯಗಳನ್ನೂ ಮಾಡ್ತದೆ. ರಕ್ತದಲ್ಲಿ ನಾವು ಕಂಡ ಗುರುತು ಸಂಧಿವಾತದ್ದಲ್ಲ, ಇವುಗಳದ್ದೇ ಇರಬಹುದು. ಮೊದಲು ಕಳ್ಳನ್ನ ಓಡಿಸೋಣ, ಆಮೇಲೆ ಮತ್ತೆ ನೋಡೋಣ."

ಹದಿನಾಲ್ಕು ದಿನ ಮಾತ್ರೆ ನುಂಗಿದ್ದಾಯಿತು. ಜ್ವರ ಹೋಯಿತು, ಊತ ಮೆಲ್ಲಗೆ ಇಳಿಯಿತು. ಆದರೂ ಮೂರು ತಿಂಗಳ ನಂತರ ಮರುಪರೀಕ್ಷೆಯ ವರದಿ ಬರುವ ದಿನ ಅವಳು ದವಾಖಾನೆಯ ಬಾಗಿಲು ತೆರೆಯುವ ಮೊದಲೇ ಬಂದು ಕೂತಿದ್ದಳು. ಡಾಕ್ಟರು ವರದಿಯನ್ನು ಎರಡು ಸಲ ಓದಿದರು.

"ಸಂಧಿವಾತದ ಗುರುತೇ ಇಲ್ಲ ಅಮ್ಮ. ಧೈರ್ಯವಾಗಿ ರೊಟ್ಟಿ ಬಡೀರಿ."

ವರದಮ್ಮ ಮೇಜಿನಾಚೆ ಬಾಗಿ ಡಾಕ್ಟರ ಎರಡೂ ಕೈಗಳನ್ನು ಹಿಡಿದು ಒತ್ತಿದಳು. "ಅಮ್ಮಾ, ನೋಯ್ತದೆ, ಬಿಡಿ!" ಎಂದು ಡಾಕ್ಟರೇ ಕೂಗಬೇಕಾಯಿತು.